ಹಿತ್ತಲಿಗೊಂದು ಜಲಪಾತ

"ನೋಡ್ತಿರು, ಹಿತ್ತಲಲ್ಲಿ ಕಾಡು ಎಬ್ಬಿಸ್ತೀನಿ! ಈ ನೆಲದ್ದೇ ತಾಳೆ, ಈಚಲು, ನಡುವೆ ಕೊಳ, ಕೊಳಕ್ಕೆ ಧುಮುಕೋ ಜಲಪಾತ!" ಎಂದು ಘೋಷಿಸಿದೆ.

"ಕೊಳವೋ ಕೊಳೆಯೋ, ನನ್ನ ಬಟ್ಟೆ ಹಗ್ಗ ಮಾತ್ರ ಮುಟ್ಟಬೇಡಿ," ಎಂದಳು ಹೆಂಡತಿ.

ಹಗ್ಗ ಇದ್ದದ್ದೇ ಜಲಪಾತ ಬೀಳಬೇಕಾದ ಜಾಗದಲ್ಲಿ! "ಎರಡು ವರ್ಷ ಕೊಡು. ಕಾಡು ಏಳದಿದ್ರೆ ಹಗ್ಗ ವಾಪಸ್ ಕಟ್ಟಿ, ಜೀವನಪೂರ್ತಿ ಬಟ್ಟೆ ನಾನೇ ಒಣಗಿಸ್ತೀನಿ," ಎಂದು ಶಪಥ ಮಾಡಿಬಿಟ್ಟೆ.

ಕೊಳ ತೋಡಿದ ಗಾರೆಯವನು, "ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸೋಣ ಸಾರ್," ಎಂದ. "ಪ್ರಕೃತಿಗೆ ಪ್ಲಾಸ್ಟಿಕ್ಕೇ!" ಎಂದು ಗದರಿಸಿ ಕಳಿಸಿದೆ.

ಗಟ್ಟಿಮುಟ್ಟಾದ ಸಸಿಗಳನ್ನು ನಾನು ನೆಟ್ಟೆ. ಸೊರಗಿದ ಹತ್ತನ್ನು ಸ್ಟೂಲು ಹತ್ತಿ, ಗೋಡೆಯ ಮೇಲಿಂದ, ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರಿಗೆ ದಾನ ಮಾಡಿದೆ. ಅವರ ಹಿತ್ತಲು ನಮ್ಮದಕ್ಕಿಂತ ನಾಲ್ಕಡಿ ತಗ್ಗು. ಅವರೋ, ಸಸಿಗಳನ್ನು ಗೋಡೆಯುದ್ದಕ್ಕೂ ಊರಿ, ಕೈ ತೊಳೆದುಕೊಂಡು ಒಳಗೆ ಹೋದರು.

ಕೊಳ ತುಂಬಿಸಿದೆ. ಸಂಜೆಗೆ ಅರ್ಧ! ಮತ್ತೆ ತುಂಬಿಸಿದೆ. ಬೆಳಿಗ್ಗೆ ಬರೀ ಕೆಸರು!

"ಹಕ್ಕಿಗಳು ಕುಡೀತಿವೆ ಕಣೇ."

"ಅಷ್ಟು ಕುಡಿಯೋಕೆ ಅದೇನು ಹಕ್ಕಿನೋ, ರೆಕ್ಕೆ ಬಂದ ಆನೆನೋ?"

ನಾನು ಬಿಡುವವನೇ? ಎರಡು ವರ್ಷ ಪೈಪು ಹಿಡಿದು ಕೊಳಕ್ಕೇ ಸುರಿದೆ. ಆ ಭರದಲ್ಲಿ ಗಿಡಗಳಿಗೆ ಹಾಕಲು ನೀರೇ ಉಳಿಯಲಿಲ್ಲ. ಒಂದೊಂದಾಗಿ ಪೊರಕೆಯಾದವು.

ಗಡುವಿನ ದಿನ ಗೋಡೆಯಾಚೆ ಹಕ್ಕಿಗಳ ಗಲಾಟೆ ಕೇಳಿಸಿತು. ಎರಡು ವರ್ಷದಿಂದ ಹತ್ತದ ಸ್ಟೂಲು ಹತ್ತಿ ಇಣುಕಿದೆ.

ಅಬ್ಬಬ್ಬಾ!

ಬೀಸಣಿಗೆಯಂಥ ತಾಳೆಗರಿಗಳ ಮೇಲೆ ಬಿಸಿಲು ಜಾರುತ್ತಿತ್ತು. ಕೆಳಗೆ ಕೆಸು, ಜರಿಗಿಡ, ಹಸಿರೋ ಹಸಿರು! ನಮ್ಮ ಗೋಡೆಯ ಬುಡದಿಂದ ಜಿನುಗಿದ ನೀರು ಪಾಚಿಗಟ್ಟಿದ ಕಲ್ಲುಗಳ ಮೇಲಿಂದ ಕೆಳಗಿನ ಹೊಂಡಕ್ಕೆ ಜುಳುಜುಳು ಬೀಳುತ್ತಿತ್ತು. ಅಲ್ಲೊಂದು ಮಿಂಚುಳ್ಳಿ ಮುಳುಗೆದ್ದು ರೆಕ್ಕೆ ಕೊಡವಿತು. ಹೊಟ್ಟೆಕಿಚ್ಚು ಪಡೋಣವೆಂದುಕೊಂಡೆ, ಆಗಲೇ ಇಲ್ಲ. ಅಷ್ಟು ಚೆಂದವಿತ್ತು! ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು.

"ಏನು ಹಾಕಿ ಬೆಳೆಸಿದ್ರಿ ಮೇಷ್ಟ್ರೇ?"

"ನಾನಾ? ಒಂದು ಚೊಂಬು ನೀರೂ ಹಾಕಿಲ್ಲ ಸ್ವಾಮಿ! ಎರಡು ವರ್ಷದಿಂದ ಇಲ್ಲಿ ತಾನಾಗೇ ಒರತೆ ಎದ್ದಿದೆ. ಎಲ್ಲಾ ದೇವರ ದಯೆ!"

ಆ ದೇವರು ಕೈಯಲ್ಲಿ ಪೈಪು ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ.

ಮೆಲ್ಲಗೆ ಇಳಿದೆ. ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು, ಹಗ್ಗ ಎರಡನ್ನೂ ಹಿಡಿದು ಕಾಯುತ್ತಿದ್ದಳು.

"ನಮ್ಮ ಜಲಪಾತ ಆಗ್ಲೇ ಇಲ್ಲ ಕಣೇ," ಎಂದೆ ಸಣ್ಣ ದನಿಯಲ್ಲಿ.

"ಯಾಕ್ರೀ ಆಗ್ಲಿಲ್ಲ?" ಬಕೆಟ್ಟು ನನ್ನ ಕೈಗಿಟ್ಟಳು. "ಇಬ್ಬರದೂ ನೀರಿಳೀತಲ್ಲ, ಕೊಳದ್ದೂ, ನಿಮ್ಮದೂ!"