ಹೊಲಿಗೆ ಕಾಣದ ಆಪರೇಷನ್

"ಈ ಪಟ್ಟಿ ಗಿಟ್ಟಿ ಎಲ್ಲ ನೆನಪಿನ ಶಕ್ತಿ ಇಲ್ಲದವರಿಗೆ. ನಾನು ಒಂದು ಸಲ ನೋಡಿದ ಪ್ರಾಣೀನ ಏಳು ಜನ್ಮಕ್ಕೂ ಮರೆಯಲ್ಲ" ಎಂದು ಅಳಿಯ ಡಾಕ್ಟರು ಎದೆ ಸೆಟೆಸಿ ಹೇಳಿದ್ದು ಬೆಳಗ್ಗೆ. ಅದೇ ಸಂಜೆ ಅವರು ತಮ್ಮ ಮನೆಯ ಬೆಕ್ಕನ್ನೇ ಬುಟ್ಟಿಗೆ ತುಂಬಿ, ಪರರ ಕೈಗೆ ಕೊಟ್ಟು, ಬಾಗಿಲವರೆಗೂ ಹೋಗಿ ನಮಸ್ಕಾರ ಮಾಡಿ ಕಳಿಸಿಬಂದರು.

ಪಟ್ಟಿ ಎಂದರೆ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರು. ಆಪರೇಷನ್ ಆದ ಪ್ರಾಣಿ ಮೇಜಿನಿಂದ ಇಳಿಯುವ ಮೊದಲೇ ಅದರ ಎಡ ಮುಂಗಾಲಿಗೆ ಒಂದು ಸುತ್ತು ಪ್ಲಾಸ್ಟರು ಸುತ್ತಿ, ಯಾರ ಮನೆಯದೆಂದು ಬರೆಯಬೇಕು. ಇದು ಆ ಕ್ಲಿನಿಕ್ಕಿನಲ್ಲಿ ಅತ್ತೆ ಹಾಕಿಕೊಟ್ಟ ಕಾನೂನು. ಅತ್ತೆ ಎಂದರೆ ಕ್ಲಿನಿಕ್ ಕಟ್ಟಿದ ಹಿರಿಯ ಡಾಕ್ಟರು. ಮಂಡಿ ಕೈಕೊಟ್ಟ ಮೇಲೆ ಮಹಡಿಯ ಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರೂ ಕಿವಿ ಮಾತ್ರ ಕೆಳಗೆ ಡ್ಯೂಟಿಯ ಮೇಲಿರುತ್ತಿತ್ತು. ಕತ್ತರಿ, ಚಾಕು, ಹೊಲಿಗೆಯ ಅಧಿಕಾರವೆಲ್ಲ ಅವರ ಮಗಳದು. ಮದುವೆಯಾಗಿ ಈ ಮನೆಗೆ ಬಂದ ಅಳಿಯನೂ ಓದಿ ಪಾಸಾದ ಡಾಕ್ಟರೇ. ಸೂಜಿ ಚುಚ್ಚುವುದು, ಕಿವಿ ತೊಳೆಯುವುದು, ಉಗುರು ಕತ್ತರಿಸುವುದು, ಮಾತ್ರೆ ಉಗುಳುವ ನಾಯಿಯ ದವಡೆ ಅಗಲಿಸುವುದು, ಅಂದರೆ ಕಚ್ಚಿಸಿಕೊಳ್ಳುವ ಖಾತೆಗಳೆಲ್ಲ ಇವರ ಪಾಲಿಗೆ.

ಆದರೆ ಬಾಗಿಲ ಮೇಲಿನ ಬೋರ್ಡಿನಲ್ಲಿದ್ದದ್ದು ಎರಡೇ ಹೆಸರು, ಅಮ್ಮನದು, ಮಗಳದು. ಬೀದಿಯವರ ಬಾಯಲ್ಲಿ ಇವರು 'ಅಳಿಯ ಡಾಕ್ಟರು'. ಕುತ್ತಿಗೆಗೆ ಸ್ಟೆತಾಸ್ಕೋಪ್ ನೇತುಹಾಕಿಕೊಂಡು ನಿಂತ ಇವರ ಹೆಗಲಾಚೆ ಇಣುಕಿ, ಮೊಲ ಹಿಡಿದು ಬಂದವರು "ಡಾಕ್ಟರಿಲ್ವಾ?" ಎಂದು ಕೇಳುವರು. ಇವರು "ಕೂತ್ಕೊಳ್ಳಿ, ಕರೀತೀನಿ" ಎನ್ನುವರು. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು.

ಈಗ ಬೋರ್ಡಿನ ಬಣ್ಣ ಎದ್ದು, ಪೇಂಟರನ್ನು ಕರೆಸಬೇಕಾದ ಕಾಲ ಬಂದಿತ್ತು. ಹೆಂಡತಿಯೂ ಪರ ಊರಿನ ಪಶುವೈದ್ಯರ ಸಮ್ಮೇಳನಕ್ಕೆ ಹೊರಟು ನಿಂತಿದ್ದಳು. ಅತ್ತೆ ಕುರ್ಚಿಯಲ್ಲೇ ತೀರ್ಪು ಕೊಟ್ಟರು: ಮಗಳು ವಾಪಸ್ ಬರುವತನಕ ಅಳಿಯ ಒಬ್ಬನೇ ಕ್ಲಿನಿಕ್ ನಡೆಸಲಿ. ಎಡವಟ್ಟಾಗದಿದ್ದರೆ ಮೂರನೇ ಸಾಲಿಗೆ ಅವನ ಹೆಸರು. ಎಡವಟ್ಟಾದರೆ ಬೋರ್ಡಿನಲ್ಲಿ ಇದ್ದಷ್ಟೇ ಇರಲಿ.

ಹೊರಡುವ ಬೆಳಗ್ಗೆ ಹೆಂಡತಿ ಒಂದು ಆಪರೇಷನ್ ಮುಗಿಸಿದಳು. ಎದುರು ಸಾಲಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಸಾಕಿದ ಕರಿಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್. ಹೆಸರು ಪುಟ್ಟಿ. ಕರೆಂಟಿನ ಮೀಟರು ನೋಡುವವನನ್ನು ಅದು ಕಾಂಪೌಂಡು ಹಾರಿಸಿತ್ತು. ಪೋಸ್ಟಿನವನು ಆ ಮನೆಯ ಕಾಗದವನ್ನು ಪಕ್ಕದ ಮನೆಗೆ ಕೊಟ್ಟು ಹೋಗುತ್ತಿದ್ದ. ಹೆಂಡತಿ ಹೊಲಿಗೆ ಮುಗಿಸಿ, ಕೈಗವಸು ಕಿತ್ತು, ಪಟ್ಟಿ ಸುತ್ತಿಬಿಡಿ ಎಂದಳು. ಆಗಲೇ ಅಳಿಯ ಡಾಕ್ಟರು ಏಳು ಜನ್ಮದ ಮಾತಾಡಿದ್ದು.

"ಏಳು ಜನ್ಮ ಬೇಡ. ಸಂಜೆವರೆಗೆ ನೆನಪಿಟ್ಕೊಳ್ಳಿ, ಸಾಕು" ಎಂದು ಹೆಂಡತಿ ಬ್ಯಾಗು ಎತ್ತಿಕೊಂಡು ನಡೆದಳು.

ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಪಂಜರಗಳಿದ್ದವು. ಅರಿವಳಿಕೆ ಇಳಿಯುವ ಪ್ರಾಣಿಗೆ ಚಳಿ ಹತ್ತಬಾರದೆಂದು ಕೆಳಗಿನದರಲ್ಲಿ ಬಿಸಿನೀರಿನ ಚೀಲ ಇಟ್ಟಿರುತ್ತಿದ್ದರು. ಈ ಚೀಲದ ಮಹಿಮೆ ಅರಿತ ಇನ್ನೊಂದು ಜೀವ ಆ ಮನೆಯಲ್ಲಿತ್ತು. ಅದೇ ಅತ್ತೆಯ ಬೆಕ್ಕು ಮಸಿ. ಹೆಸರಿಗೆ ತಕ್ಕ ಬಣ್ಣ. ಬಣ್ಣಕ್ಕೆ ವಿರುದ್ಧವಾದ ಸಾಧು ಸ್ವಭಾವ. ಅದಕ್ಕೂ ಹಿಂದೆಯೇ ಆಪರೇಷನ್ ಆಗಿ, ತಿನ್ನುವುದು ಮಲಗುವುದು ಬಿಟ್ಟರೆ ಲೋಕದ ಗೊಡವೆ ಇರಲಿಲ್ಲ.

ಮಧ್ಯಾಹ್ನ ಅಳಿಯ ಡಾಕ್ಟರು ಪಂಜರ ತೆಗೆದು ಪುಟ್ಟಿಯ ಉಸಿರು ನೋಡುತ್ತಿದ್ದಾಗ, ಹೊರಗೆ ಕುದುರೆಮರಿಯಂಥ ನಾಯಿಯೊಂದು ಕಾಯುವ ಬೆಂಚನ್ನು ಅದರ ಮೇಲೆ ಕೂತವರ ಸಮೇತ ಎಳೆದುಕೊಂಡು ಹೊರಟಿತು. ಇವರು ಓಡಿದರು. ಅಗುಳಿ ಹಾಕುವುದು ಉಳಿಯಿತು. ನಾಯಿ, ಬೆಂಚು, ಜನ ಎಲ್ಲವನ್ನೂ ಸ್ವಸ್ಥಾನಕ್ಕೆ ತಂದು ಮರಳಿದಾಗ ಪಂಜರದಲ್ಲಿ ಕರಿಬೆಕ್ಕು ಚೀಲವನ್ನಪ್ಪಿ ಮಲಗಿತ್ತು. ಬಾಗಿಲು ತೆರೆದಿದ್ದರೂ ಕದಲದ ಈ ವಿಧೇಯ ರೋಗಿಯನ್ನು ಕಂಡು ಡಾಕ್ಟರ ಎದೆ ಉಬ್ಬಿತು. ಅಗುಳಿ ಹಾಕಿದರು. ಸಂಜೆ ಹೆಡ್‌ಮಿಸ್ಟ್ರೆಸ್ ಬಂದರು, ಬುಟ್ಟಿ ತುಂಬಿತು, ಹೋಯಿತು.

ಮಹಡಿಯ ಬಚ್ಚಲಲ್ಲಿ ಬಟ್ಟೆಯ ಬುಟ್ಟಿಗೆ ಕೈಹಾಕಿದಾಗ ಅವರಿಗೆ ನಿಜ ತಿಳಿಯಿತು. ಬುಟ್ಟಿ ಅವರ ಹೆಬ್ಬೆರಳನ್ನು ಕಚ್ಚಿತು. ಒಳಗಿದ್ದ ಕರಿಬೆಕ್ಕಿನ ಹೊಟ್ಟೆ ಬೋಳಾಗಿತ್ತು. ಬೋಳಿನ ನಡುವೆ ಹೆಂಡತಿಯ ಕೈಯ ಅಚ್ಚುಕಟ್ಟಾದ ಹೊಲಿಗೆ. ನೆಟ್ಟಗೆ ರಸ್ತೆ ದಾಟಿ ತಪ್ಪಾಯಿತು ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರನೇ ಸಾಲೂ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೊರಬಂದು ಬಚ್ಚಲ ಚಿಲಕ ಹಾಕಿದರು.

ಯೋಜನೆ ಸರಳವಾಗಿತ್ತು. ಹೊಲಿಗೆ ಬಿಚ್ಚುವ ನೆಪದಲ್ಲಿ ಬೆಕ್ಕನ್ನು ಕರೆಸಿಕೊಂಡು ಒಳಗೊಳಗೇ ಅದಲುಬದಲು ಮಾಡುವುದು. ಮರುದಿನ ಹೆಡ್‌ಮಿಸ್ಟ್ರೆಸ್ ಮನೆಗೆ ಹೋಗಿ, ಹೊಲಿಗೆ ಬಿಚ್ಚಿಸಲು ಯಾವಾಗ ಕರೆತರುತ್ತೀರಿ ಎಂದು ಕೇಳಿದರು.

"ಯಾವ ಹೊಲಿಗೆ? ಕನ್ನಡಕ ಹಾಕ್ಕೊಂಡು ಹುಡುಕಿದೆ ಡಾಕ್ಟ್ರೇ, ಒಂದು ಎಳೆ ಸಿಗಲಿಲ್ಲ. ಕೂದಲೂ ಕೊಂಕಿಲ್ಲ. ಏನು ಕೈರೀ ನಿಮ್ದು!"

ಮಸಿ ಆಕೆಯ ತೊಡೆಯ ಮೇಲಿಂದ ಅರೆಗಣ್ಣು ತೆರೆದು, ಇವನ್ಯಾರು ಎಂಬಂತೆ ನೋಡಿ ಮತ್ತೆ ಮುಚ್ಚಿಕೊಂಡಿತು. ಆದರೆ ಡಾಕ್ಟರ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಆ ಬೀದಿಯಲ್ಲಿ ಮೊದಲ ಬಾರಿಗೆ ಅವರನ್ನು ಒಬ್ಬರು ಬರೀ 'ಡಾಕ್ಟ್ರೇ' ಎಂದಿದ್ದರು. ಮುಂದೆ 'ಅಳಿಯ' ಇಲ್ಲ, ಹಿಂದೆ ಹೆಂಡತಿ ಇಲ್ಲ. ಬಾಯಿಗೆ ಬಂದಿದ್ದ ಸತ್ಯ ನುಂಗಿದ ಮಾತ್ರೆಯ ಹಾಗೆ ಗಂಟಲಲ್ಲಿ ಇಳಿದುಹೋಯಿತು.

ಅಲ್ಲಿಂದ ಮುಂದೆ ಎರಡು ರಂಗಗಳಲ್ಲಿ ಯುದ್ಧ ಶುರುವಾಯಿತು. ಮೊದಲನೆಯದು ಮನೆಯೊಳಗೆ. ತಮ್ಮ ಬೆಕ್ಕೆಲ್ಲಿ ಎಂದು ಅತ್ತೆ ಕೇಳಿದರು. ಅಂಟುನೆಗಡಿ, ಪ್ರತ್ಯೇಕ ಇರಿಸಿದ್ದೇನೆ ಎಂದು ಅಳಿಯ ಹೇಳಿದರು. ಜೀವಮಾನವೆಲ್ಲ ಬೆಕ್ಕಿನ ನೆಗಡಿ ನೋಡಿದವರ ಮುಂದೆ ನೆಗಡಿಯ ಸುಳ್ಳು. ಜ್ವರ ಎಷ್ಟು, ಕಣ್ಣಲ್ಲಿ ನೀರೋ ಕೀವೋ, ಊಟ ಸೇರುತ್ತಿದೆಯೋ ಎಂದು ಅವರು ಪಾಟೀಸವಾಲು ನಡೆಸಿ, ಕೊನೆಗೆ ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆ ಕೊಡಲು ಆಜ್ಞೆ ಮಾಡಿದರು. ಇಲ್ಲದ ನೆಗಡಿಗೆ, ಅಲ್ಲದ ಬೆಕ್ಕಿಗೆ, ಚಿಲಕ ಹಾಕಿದ ಬಚ್ಚಲಲ್ಲಿ ಅಳಿಯ ಡಾಕ್ಟರು ಹಬೆ ಕೊಟ್ಟರು. ಪುಟ್ಟಿ ಈ ದಮನವನ್ನು ಪೂರ್ಣಶಕ್ತಿಯಿಂದ ವಿರೋಧಿಸಿತು. ಡಾಕ್ಟರು ಹೊರಬಂದಾಗ ಅಂಗಿಯ ಒಂದು ತೋಳು ಮೈಮೇಲಿತ್ತು, ಇನ್ನೊಂದು ಬೆಕ್ಕಿನ ವಶದಲ್ಲಿತ್ತು.

"ನೆಗಡಿ ಆದ ಬೆಕ್ಕಿಗೆ ಇಷ್ಟು ಗಂಟಲಿರಲ್ಲವಲ್ಲ" ಎಂದಷ್ಟೇ ಅತ್ತೆ ಹೇಳಿದರು.

ಎರಡನೆಯ ರಂಗ ಬೀದಿ. ಹೆಡ್‌ಮಿಸ್ಟ್ರೆಸ್ ಬಾಯಿ ಎಂದರೆ ಶಾಲೆಯ ಗಂಟೆ. ಕತ್ತರಿಸಿದ ಗುರುತಿಲ್ಲ, ಹೊಲಿಗೆ ಇಲ್ಲ, ಮೇಲಾಗಿ ಬೆಕ್ಕು ಸಾಧುವಾಗಿದೆ ಎಂಬ ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಯಿತು. ಪೋಸ್ಟಿನವನು ಸ್ವತಃ ಆ ಮನೆಯ ಮೆಟ್ಟಿಲು ಹತ್ತಿ, ಬೆಕ್ಕಿನ ತಲೆ ಸವರಿ ಬಂದು ಸಾಕ್ಷಿ ಹೇಳಿದ. ಕಚ್ಚುವ ಬೆಕ್ಕು, ಪರಚುವ ಬೆಕ್ಕು, ಸೋಫಾ ಹರಿದ ಬೆಕ್ಕುಗಳನ್ನೆಲ್ಲ ಹೊತ್ತು ಜನ ಬಂದರು. ಎಲ್ಲರಿಗೂ ಹೊಲಿಗೆ ಕಾಣದ ಆಪರೇಷನ್ನೇ ಬೇಕು, ಅದೂ ಈ ಡಾಕ್ಟರ ಕೈಯಿಂದಲೇ. ಗಂಡಂದಿರಿಗೂ ಮಾಡುತ್ತೀರಾ ಎಂದು ಟೈಲರಮ್ಮ ಮೆಲ್ಲಗೆ ವಿಚಾರಿಸಿ ಹೋದಳು. ಡಾಕ್ಟರು ಯಾರಿಗೂ ಇಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ನಕ್ಕು, ಮುಂದಿನ ವಾರ ನೋಡೋಣ ಎಂದರು. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿಗೆ ಮಾತ್ರ ಬರುವ ವಿದ್ಯೆಯಲ್ಲ.

ಹಾಲು ಒಡೆದದ್ದು ಫೋನಿನಲ್ಲಿ. ಕೀರ್ತಿ ಸಮ್ಮೇಳನದವರೆಗೂ ಹಬ್ಬಿ, ಯಾರೋ ಹೆಂಡತಿಯ ಕೈ ಕುಲುಕಿ ಅಭಿನಂದಿಸಿದ್ದರಂತೆ.

"ನಾನು ಕೂತು ಹಾಕಿದ ಹೊಲಿಗೆ ಎಲ್ಲಿಗೆ ಹೋಯ್ತು?" ಎಂದು ಹೆಂಡತಿ ಕೇಳಿದಳು.

ಲೈನು ಸರಿಯಿಲ್ಲ ಎಂದು ಅಳಿಯ ಡಾಕ್ಟರು ಫೋನಿಟ್ಟರು. ಹೆಂಡತಿ ಸಮ್ಮೇಳನ ಮುಗಿಯುವುದಕ್ಕೆ ಕಾಯದೆ ಬಸ್ಸು ಹತ್ತಿದಳು.

ಅವಳು ಬಂದಿಳಿದಾಗ ಪೇಂಟರು ಏಣಿಯ ಮೇಲಿದ್ದ. ಹಳೆ ಬಣ್ಣ ಕೆರೆದು, ಮೇಲಿನ ಎರಡು ಸಾಲು ಮುಗಿಸಿ ಕುಂಚ ತೊಳೆಯುತ್ತಿದ್ದ. ಒಳಗೆ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡ ಜನ ಬೆಂಚು ತುಂಬ. ನಡುವೆ ಎಲ್ಲರಿಗೂ ಬೆಕ್ಕು ತೋರಿಸಲು ಬಂದ ಹೆಡ್‌ಮಿಸ್ಟ್ರೆಸ್, ಮಡಿಲಲ್ಲಿ ಮಸಿ. ಹೆಂಡತಿ ಒಮ್ಮೆ ನೋಡಿದಳು. ತಮ್ಮ ಮನೆಯ ಬೆಕ್ಕನ್ನು ಗುರುತಿಸಲು ಅವಳಿಗೆ ಇನ್ನೊಮ್ಮೆ ನೋಡಬೇಕಾಗಲಿಲ್ಲ. ಗಂಡನತ್ತ ತಿರುಗಿದಳು. ಗಂಡ ಗೋಡೆಯ ಮೇಲಿದ್ದ ನಾಯಿಯ ಹಲ್ಲಿನ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು.

ಅಷ್ಟರಲ್ಲಿ ಮೇಲೆ ಚಿಲಕ ಸರಿದ ಸದ್ದಾಯಿತು. ನೆಗಡಿಯ ರೋಗಿಯನ್ನು ತಾವೇ ನೋಡೋಣವೆಂದು ಅತ್ತೆ ಕೋಲೂರಿ ಬಚ್ಚಲಿಗೆ ಹೋಗಿದ್ದರು. ಮರುಕ್ಷಣ ಮೆಟ್ಟಿಲ ಮೇಲಿಂದ ಕಪ್ಪು ಗುಂಡೊಂದು ಸಿಡಿದು ಬಂದು, ಬೆಂಚಿನ ಉದ್ದಕ್ಕೂ ತೊಡೆಯಿಂದ ತೊಡೆಗೆ ಹಾರಿ, ತಕ್ಕಡಿಯ ಮೇಲೆ ನಿಂತು ಬೆನ್ನು ಕಮಾನು ಮಾಡಿತು. ಬೋಳು ಹೊಟ್ಟೆ, ಹೊಲಿಗೆ ಎಲ್ಲರಿಗೂ ಕಾಣುವಂತೆ. ಪೋಸ್ಟಿನವನು ಬಾಗಿಲಿಗೆ ಬಂದಿದ್ದವನು ಒಳಗೆ ಕಾಲಿಡದೆ ಹಾಗೇ ಹಿಂದಕ್ಕೆ ನಡೆದ.

ಇನ್ನು ನೋಡಲು ಗೋಡೆಯ ಮೇಲೆ ಚಿತ್ರ ಉಳಿದಿರಲಿಲ್ಲ. "ಮೇಡಂ," ಎಂದರು ಅಳಿಯ ಡಾಕ್ಟರು, "ಅದು ನಿಮ್ಮ ಬೆಕ್ಕು. ನಾನು ಕೊಟ್ಟಿದ್ದು ನಮ್ಮದು. ಪಟ್ಟಿ ಕಟ್ಟಿರಲಿಲ್ಲ. ಹೇಳೋಕೆ ಧೈರ್ಯ ಬರಲಿಲ್ಲ."

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಗೊತ್ತು. ಬುಟ್ಟಿ ಬಿಚ್ಚಿದ ದಿನಾನೇ ಗೊತ್ತಾಯ್ತು. ರಿಟೈರ್ ಆದ್ಮೇಲೆ ಮೊದಲನೇ ಸಲ ಕಾಲು ಚಾಚಿ ನಿದ್ದೆ ಮಾಡ್ತಾ ಇದ್ದೆ, ನೀವಾಗಿ ಬಾಯಿ ಬಿಡೋವರೆಗೂ ಇರಲಿ ಅಂತ ಸುಮ್ಮನಿದ್ದೆ."

"ಹೇಗೆ ಗೊತ್ತಾಯ್ತು?" ಎಂದು ಡಾಕ್ಟರು ಕೇಳಿಬಿಟ್ಟರು. ಕೇಳಬಾರದಿತ್ತು.

"ಆಪರೇಷನ್ ಆದ್ರೆ ಮರಿ ಹಾಕಲ್ಲ ಅಂದ್ರಿ, ಒಪ್ಪಿದೆ. ಗಂಡಾಗೇ ವಾಪಸ್ ಬರುತ್ತೆ ಅಂತ ಯಾರೂ ಹೇಳಿರಲಿಲ್ಲವಲ್ಲ."

ಹೊಲಿಗೆ, ಕೂದಲು, ನೆಗಡಿ, ಹಬೆ ಎಲ್ಲಕ್ಕೂ ಉತ್ತರ ಹೊಂದಿಸಿದ್ದ ಡಾಕ್ಟರಿಗೆ ಈ ಒಂದು ವಿಷಯ, ಪ್ರಾಣಿವೈದ್ಯ ಮೊದಲು ಎತ್ತಿ ನೋಡುವ ವಿಷಯ, ಇಷ್ಟು ದಿನ ಹೊಳೆದೇ ಇರಲಿಲ್ಲ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬುಟ್ಟಿಯ ಮುಚ್ಚಳ ಎತ್ತಿ, ಒಳಗಿರುವುದು ಏನೆಂದು ಖಾತ್ರಿ ಮಾಡಿಕೊಂಡರು.

ಹೊರಗೆ ಪೇಂಟರು, ಮೂರನೇ ಸಾಲು ಏನು ಬರೆಯಲಿ ಎಂದು ಕೂಗಿದ. ಅತ್ತೆ ಬಾಲ್ಕನಿಗೆ ಬಂದು, ಕಂಬಿಗೆ ಕೋಲು ಒರಗಿಸಿ ನಿಧಾನವಾಗಿ ಬರೆಸಿದರು: 'ನಿಮ್ಮ ಪ್ರಾಣಿಯನ್ನು ವಾಪಸ್ ಪಡೆಯುವಾಗ ಗಂಡೋ ಹೆಣ್ಣೋ ನೋಡಿ ಪಡೆಯಿರಿ.' ಏಣಿ ಅಲುಗುತ್ತಿತ್ತು. ಒಳಗೆ ನಿಲ್ಲಲಾಗದೆ ಬೀದಿಗೆ ಬಂದಿದ್ದ ಅಳಿಯ ಡಾಕ್ಟರು ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಪೇಂಟರು ಬರೆದು ಮುಗಿಸಿ, ಕೆಳಗೆ ಯಾರ ಹೆಸರು ಹಾಕಲಿ ಎಂದ.

"ಹೆಸರು ಬೇಡ, ಅನುಭವಸ್ಥರು ಅಂತ ಹಾಕು" ಎಂದರು ಅತ್ತೆ. "ಏಣಿ ಹಿಡ್ಕೊಂಡು ನಿಂತಿದ್ದಾರಲ್ಲ, ಅವರೇ."