ಅಪ್ಪ ಮತ್ತು ಮೇಜು

ಒಂಬತ್ತು ವರ್ಷದ ಮಗಳಿಗೆ ಪಿಎಚ್‌.ಡಿ. ಎಂದರೇನೆಂದು ವಿವರಿಸಹೊರಟಿದ್ದು ನನ್ನ ಬಾಳಿನ ಮಹಾಪ್ರಮಾದ. ‘ಗಾದೆಗಳಲ್ಲಿ ಸೋಮಾರಿತನ’ ಎಂಬ ವಿಷಯದ ಮೇಲೆ ನಾನು ಹನ್ನೊಂದು ವರ್ಷಗಳಿಂದ ಸಂಶೋಧನೆ ನಡೆಸುತ್ತಿದ್ದೇನೆ. (ವಿಷಯಕ್ಕೆ ಇಷ್ಟು ನಿಷ್ಠನಾದ ಸಂಶೋಧಕ ಇನ್ನೊಬ್ಬನಿಲ್ಲ ಎಂಬುದು ನನ್ನಾಕೆಯ ಅಭಿಪ್ರಾಯ.) ಆಗಷ್ಟೇ ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು: ಎರಡು ತಿಂಗಳೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಅದನ್ನು ನಿಘಂಟಿನೊಳಗೆ ಬಚ್ಚಿಟ್ಟಿದ್ದೆ. ನಮ್ಮ ಮನೆಯಲ್ಲಿ ನಿಘಂಟು ಮುಟ್ಟುವವರು ಯಾರೂ ಇಲ್ಲ ಎಂಬ ಧೈರ್ಯ.

“ಅಪ್ಪಾ, ಎಂ.ಎ. ಆದ್ಮೇಲೂ ಯಾಕೆ ಓದ್ತಾರೆ? ಬೇಜಾರಾಗಲ್ವಾ?”

“ಎಂ.ಎ.ವರೆಗೆ ಬೇರೆಯವ್ರು ಕಂಡುಹಿಡಿದಿದ್ದನ್ನ ಓದೋದಮ್ಮ. ಪಿಎಚ್‌.ಡಿ. ಅಂದ್ರೆ ಯಾರೂ ಗಮನಿಸದ ಒಂದು ಸಣ್ಣ ವಿಷಯ ಹಿಡ್ಕೊಂಡು, ದಿನಾ ನೋಡಿ, ಕಂಡಿದ್ದನ್ನ ಸಾಕ್ಷಿ ಸಮೇತ ಬರೆಯೋದು. ಗೈಡ್ ಸಹಿ ಹಾಕ್ತಾರೆ. ಆಮೇಲೆ ಪರೀಕ್ಷಕರು ಪ್ರಶ್ನೆ ಕೇಳ್ತಾರೆ.”

“ಅಮ್ಮ ನಂಗೆ ಗೈಡ್ ಆಗ್ಬಹುದಾ?”

“ಧಾರಾಳವಾಗಿ!” ಎಂದೆ. ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದೇ.

ಅಂದಿನಿಂದ ಸಂಜೆ ನಾನು ಮೇಜಿನ ಮುಂದೆ ಕೂತಾಗಲೆಲ್ಲ ಅವಳೂ ನೋಟ್‌ಬುಕ್ ಹಿಡಿದು ಬಾಗಿಲ ಬಳಿ ಕೂರತೊಡಗಿದಳು. ಮಗುವಿಗೂ ಓದಿನ ಹುಚ್ಚು ಹತ್ತಿತೆಂದು ಹಿಗ್ಗಿ ಹೀರೇಕಾಯಿಯಾದೆ.

ತಿಂಗಳು ಕಳೆದು, ನಿನ್ನೆ, ನನ್ನ ತಟ್ಟೆಯ ಪಕ್ಕಕ್ಕೆ ಆರು ಪುಟಗಳ ಮಹಾಪ್ರಬಂಧವೊಂದು ಬಂದು ಬಿತ್ತು. ಶೀರ್ಷಿಕೆ ‘ಅಪ್ಪ ಮತ್ತು ಮೇಜು’. ಕೆಳಗೆ ನನ್ನಾಕೆಯ ಸಹಿ.

“ನೀವೇ ಪರೀಕ್ಷಕರು. ಜೋರಾಗಿ ಓದ್ರೀ” ಎಂದಳು ಗೈಡ್.

ಓದಿದೆ. “ಅಪ್ಪ ಮೂವತ್ತು ದಿನ ಮೇಜಿಗೆ ಬಂದರು. ಅರವತ್ತೆರಡು ಸಲ ಪೆನ್ಸಿಲ್ ಚೂಪು ಮಾಡಿದರು. ಹದಿನೇಳು ಸಲ ಮೇಜು ಒರೆಸಿದರು. ಒಂದು ಪುಟ ಬರೆದರು. ಅದು ಚೆನ್ನಾಗಿತ್ತು. ಹರಿದುಹಾಕಿದರು.”

ಅನುಬಂಧ ಒಂದು: ಅದೇ ಪುಟ, ಗೋಂದು ಹಚ್ಚಿ ಜೋಡಿಸಿದ್ದು. ಅನುಬಂಧ ಎರಡು: ವಿಶ್ವವಿದ್ಯಾಲಯದ ಪತ್ರ. (‘ಉಪಸಂಹಾರ’ ಪದದ ಅರ್ಥ ಹುಡುಕುವಾಗ ಸಿಕ್ಕಿತೆಂದು ಅಡಿಟಿಪ್ಪಣಿ.)

ನನ್ನಾಕೆಯ ಮುಖ ನೋಡುವ ಧೈರ್ಯವಾಗದೆ ಉಪಸಂಹಾರಕ್ಕೆ ಇಳಿದೆ. “ಎಲ್ಲರೂ ಅಪ್ಪನನ್ನು ಸೋಮಾರಿ ಅನ್ನುತ್ತಾರೆ. ಅದು ತಪ್ಪು. ಅಪ್ಪನಿಗೆ ಭಯ.”

ಹನ್ನೊಂದು ವರ್ಷ ಗಾದೆಗಳನ್ನು ಜಾಲಾಡಿದ ನನಗೆ ಸಿಗದಿದ್ದ ಮಾತು.

“ಪ್ರಶ್ನೆ ಕೇಳಪ್ಪ” ಎಂದಳು ಮಗಳು.

“ಭಯ ಅಂತ… ಹೇಗೆ ಗೊತ್ತಾಯ್ತು?”

“ಈಜು ಕ್ಲಾಸಲ್ಲಿ ನೀರಿಗಿಳಿಯೋ ಮುಂಚೆ ನಾನೂ ಟವೆಲ್ ಮಡಚ್ತಾನೇ ಇರ್ತೀನಲ್ಲ.”

ಸಹಿ ಹಾಕಿದೆ. ಅಂತೂ ನಮ್ಮ ಮನೆಗೊಂದು ಡಾಕ್ಟರೇಟ್ ಬಂತು. ನನ್ನಾಕೆ ಬೈಯಲಿಲ್ಲ. (ಬೈದಿದ್ದರೆ ವಾಸಿಯಿತ್ತು.) ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, “ಇನ್ನೂ ಒಂದು ತಿಂಗಳಿದೆ. ಚೆನ್ನಾಗಿಲ್ದೇ ಇದ್ರೂ ಪರವಾಗಿಲ್ಲ, ಬರೀರಿ” ಎಂದಳು.

ಕೂತೆ. ಪೆನ್ಸಿಲ್ ಎತ್ತಿಕೊಂಡು ಮೊನೆ ನೋಡಿದೆ. ಯಾಕೋ ಸ್ವಲ್ಪ ಮೊಂಡು ಅನ್ನಿಸಿತು. ಡ್ರಾಯರ್ ಎಳೆದು ಶಾರ್ಪನರ್‌ಗಾಗಿ ತಡಕಾಡಿದೆ. ಇಲ್ಲ.

“ಅದು ಅನುಬಂಧ ಮೂರು” ಎಂದರು ಬಾಗಿಲ ಬಳಿ ಕೂತಿದ್ದ ಡಾಕ್ಟರು.