ತೊರಗಲ್ ಮಹಾಲಿಂಗನು ಕುಕ್ಕರಿನ ಸೀಟಿಗಳನ್ನು ಯಂತ್ರದಿಂದ ಎಣಿಸಿದ ಪ್ರಸಂಗ

ಮನುಷ್ಯನು ತನ್ನೆರಡು ಕಿವಿಗಳ ಮೇಲಿನ ನಂಬಿಕೆ ಕಳೆದುಕೊಂಡು, ಮೂರನೆಯದನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳತೊಡಗಿದ ಆ ಪುಣ್ಯಯುಗದಲ್ಲಿ, ಹುಬ್ಬಳ್ಳಿಯ ನವನಗರದಲ್ಲಿ, ಸೀಸಧೂಮಧೂಸರಿತಶ್ಮಶ್ರುವೂ, ಎಂದರೆ ಬೆಸುಗೆಯ ಹೊಗೆಗೆ ಮೀಸೆ ಬೂದಾದವನೂ, ತಾಮ್ರತಂತುಜಾಲಪರಿವೇಷ್ಟಿತನೂ ವಿಮಾ ಕಚೇರಿಯ ಹಿರಿಯ ಗುಮಾಸ್ತನೂ ಆದ ತೊರಗಲ್ ಮಹಾಲಿಂಗನೆಂಬ ವೀರನಿದ್ದನು. ಎಲೌ ನಾದದೇವತೆಯೇ, ಅವನ ಪ್ರತಾಪವನ್ನು ಹಾಡಲು ನನಗೆ ಕಂಠವನ್ನು ಕೊಡು. ನಡುವೆ ನಗು ಬಂದರೆ ತಡೆಯುವ ಬಲವನ್ನೂ ಕೊಡು.

ಮನೆಯ ಊಟದ ಮೇಜನ್ನು ಅವನು ದೀಪಾವಳಿಯ ಸುಮಾರಿಗೆ ಜಯಿಸಿದ್ದನು. ಅಂದಿನಿಂದ ಬೆಸುಗೆಕಡ್ಡಿ, ವೈರುಗಳು, ಮೈಕ್ರೋಕಂಟ್ರೋಲರ್ ಫಲಕಗಳು ಅಲ್ಲಿ ಬೀಡುಬಿಟ್ಟಿದ್ದವು. ಪ್ರಜೆಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಭಾನುವಾರ ಬೆಳಿಗ್ಗೆ ಅವನ ಧರ್ಮಪತ್ನಿ, ಪ್ರೌಢಶಾಲೆಯ ಗಣಿತ ಶಿಕ್ಷಕಿ ಶಾಂಭವಿ, ಸೌಟುಹಸ್ತೆಯಾಗಿ ಬಂದು ಯುದ್ಧ ಸಾರಿದಳು.

“ಇವತ್ತ ನನ್ನ ತಮ್ಮ ಊಟಕ್ಕ ಬರ್ತಾನ. ನಿಮ್ಮ ಮಷೀನು ಒಂದಾದ್ರೂ ಕೆಲಸಕ್ಕ ಬಂದ್ರ ಟೇಬಲ್ ನಿಮ್ದು. ಇಲ್ಲಂದ್ರ ಎಲ್ಲಾ ಅಟ್ಟಕ್ಕ!”

ಮಹಾಲಿಂಗನು ಸಿಂಹದಂತೆ ಎದ್ದುನಿಂತನು. ಕನ್ನಡಕ ಜಾರಿತು, ಸರಿಪಡಿಸಿಕೊಂಡನು.

“ಸೀಟಿ ಎಣಸೂದು ಇನ್ ಮ್ಯಾಲೆ ಮನಶ್ಯಾರ ಕೆಲಸ ಅಲ್ಲ! ಮೂರು ಸೀಟಿ ಆತಂದ್ರ ನನ್ನ ಯಂತ್ರ ಗಂಟಿ ಹೊಡೀತದ. ಬ್ಯಾಳಿ ಬೆಣ್ಣಿ ಆಗಿರ್ತದ, ನೋಡ್ತಿರು!”

ಆ ಯಂತ್ರದ ಕರ್ಣವೋ, ಹೆಬ್ಬೆರಳಗಲದ ಧ್ವನಿ ಸಂವೇದಕ: ತುದಿಯಲ್ಲಿ ತಗಡಿನ ಟೊಪ್ಪಿಗೆಯ ಮೈಕು, ಬೆನ್ನ ಮೇಲೆ ನೀಲಿ ಪೆಟ್ಟಿಗೆ, ಅದಕ್ಕೊಂದು ಸೂಕ್ಷ್ಮ ತಿರುಪು. ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿದರೆ ಕಲ್ಲಿನಂತೆ ಕಿವುಡು. ಎಡಕ್ಕೆ ತಿರುಗಿಸಿದರೆ ಫ್ಯಾನಿನ ಗಾಳಿಗೂ ಬೆಚ್ಚಿಬೀಳುವ ಪುಕ್ಕಲು. ವೀರನು ಉಸಿರು ಬಿಗಿಹಿಡಿದು ಅದನ್ನು ಹದಕ್ಕೆ ತಂದನು. ಒಂದು ಸದ್ದು ಎಣಿಸಿದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಕಿವಿಗೊಡಬೇಕೆಂದು ಪ್ರೋಗ್ರಾಮಿನಲ್ಲಿ ಆಜ್ಞಾಪಿಸಿದನು. ಬಳಿಕ ಚಪ್ಪಾಳೆ ತಟ್ಟಿ ಪರೀಕ್ಷಿಸಿದನು. ಒಂದಕ್ಕೆ ಒಂದು, ಎರಡಕ್ಕೆ ಎರಡು. ವಿಜ್ಞಾನವು ಗೆದ್ದಿತು, ಚಪ್ಪಾಳೆಯನ್ನು ಬೇಯಿಸುವುದಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು.

ಮಧ್ಯಾಹ್ನ ಶಾಂಭವಿಯ ತಮ್ಮ ಈರಣ್ಣ ಬಂದು ಕುಳಿತನು. ಒಲೆಯ ಮೇಲೆ ಲೋಹಕವಚಧಾರಿಣಿಯೂ ಬಾಷ್ಪಗರ್ಭೆಯೂ ಆದ ಕುಕ್ಕರು ಬುಸುಗುಟ್ಟಿ, ಕೊನೆಗೆ ದೀರ್ಘವಾಗಿ ಕೂಗಿತು. ಕೂಗು ನಿಲ್ಲುವ ಮೊದಲೇ ಯಂತ್ರವು ಗಣಗಣನೆ ಗಂಟೆ ಬಾರಿಸಿತು. ಮಹಾಲಿಂಗನು ಹಾರಿ ಹೋಗಿ ಗ್ಯಾಸ್ ಆರಿಸಿದನು.

“ಅಲ್ರೀ, ಒಂದ ಸೀಟಿ ಕೇಳಿಸಿಧಂಗಾತಲ್ಲ?” ಎಂದಳು ಶಾಂಭವಿ.

“ನಿನ್ನ ಕಿವಿ ಮನಶ್ಯಾರ ಕಿವಿ. ಇದು ಯಂತ್ರದ್ದು!”

ಬಡಿಸಿದರು. ಈರಣ್ಣ ಒಂದು ತುತ್ತು ಬಾಯಿಗಿಟ್ಟನು. ಕಟುಂ ಎಂಬ ಘೋರನಾದವು ಹಜಾರವನ್ನು ತುಂಬಿತು.

“ಮಾಮಾರ, ಈ ಬ್ಯಾಳಿಗೆ ನೀರಿನ ಪರಿಚಯ ಆಗೇತಿ ಖರೇ, ಸ್ನೇಹ ಆಗಿಲ್ಲ.”

ಯಂತ್ರವು ಮತ್ತೊಮ್ಮೆ ಗಂಟೆ ಬಾರಿಸಿತು; ಶಾಂಭವಿ ನಗುತ್ತಿದ್ದಳು, ಅದೂ ಉದ್ದವಾಗಿ.

ಆಗ ವೀರನ ಮುಖವು ಕಳೆಗುಂದಿತು. ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಚಪ್ಪಾಳೆ ಸಾಯುತ್ತದೆ, ಸೀಟಿ ಸಾಯುವುದಿಲ್ಲ. ಒಂದೇ ಸೀಟಿಯನ್ನು ಯಂತ್ರವು ಕಿವಿಗೊಟ್ಟು ಕಿವಿಗೊಟ್ಟು ಮೂರು ಸಲ ಎಣಿಸಿತ್ತು.

“ಸೀಟಿ ಭಾಳ ಉದ್ದ ಇತ್ತು,” ಎಂದನು.

“ಸೀಟಿ ಉದ್ದನ ಇರ್ತದ್ರಿ. ಏಳ್ರಿ, ಟೇಬಲ್ ಖಾಲಿ ಮಾಡ್ರಿ.”

ಬೆಸುಗೆಕಡ್ಡಿಯು ಮುಂದೆ, ವೈರುಗಳು ನಡುವೆ, ಸಂವೇದಕವು ಸಕ್ಕರೆಯ ಖಾಲಿ ಡಬ್ಬಿಯಲ್ಲಿ ಹಿಂದೆ, ಹೀಗೆ ಸೇನೆಯು ಅಟ್ಟಕ್ಕೆ ಹಿಮ್ಮೆಟ್ಟಿತು. ಅಕ್ಕತಮ್ಮಂದಿರು ಮೇಜನ್ನು ಒರೆಸಿ ಕುರ್ಚಿ ಎಳೆದುಕೊಂಡರು. ಕುಕ್ಕರು ಮರಳಿ ಒಲೆಯೇರಿತು. ಅದರ ಮುಂದೆ ಸೀಸಧೂಮಧೂಸರಿತಶ್ಮಶ್ರುವಾದ ಮಹಾಲಿಂಗನು ಕೈಕಟ್ಟಿ ನಿಂತನು.

ಸೀಟಿ ಬಿತ್ತು. ಅದು ಪೂರ್ತಿ ಮುಗಿಯುವವರೆಗೆ ಕಾದು, ವೀರನು ಹೆಬ್ಬೆರಳು ಮಡಚಿದನು.

“ಒಂದ,” ಎಂದನು.